ನಾಲ್ಕೆಳೆ ಮುಳ್ಳುತಂತಿ

ಏಸಾ ಪ್ರೂಯಿಟ್‌ನ ಕೆಲಸ ಬೇಲಿ ಕಾಯುವುದು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ದನ ಕಾದವನು. ಆಗ ಟೆಕ್ಸಾಸಿನ ಆ ಬಯಲಿಗೆ ಬೇಲಿ ಎಂಬುದೇ ಇರಲಿಲ್ಲ. ಯಾರ ದನ ಎಲ್ಲಿ ಮೇದರೂ ವಸಂತದಲ್ಲಿ ತೊಡೆಯ ಮೇಲೆ ಒಡೆಯನ ಗುರುತಿಗೆ ಹಾಕಿದ ಬರೆ ನೋಡಿ ಬೇರ್ಪಡಿಸಿಕೊಳ್ಳುತ್ತಿದ್ದರು. ಆಮೇಲೆ ದಣಿಗಳಿಗೆ ಬುದ್ಧಿ ಬಂತು, ಅಂದರೆ ದುರ್ಬುದ್ಧಿ. ಚಳಿಗಾಲದಲ್ಲಿ ಉತ್ತರದವರ ದನ ಇಳಿದುಬಂದು ತಮ್ಮ ಹುಲ್ಲು ಖಾಲಿ ಮಾಡಬಾರದೆಂದು, ಪೂರ್ವದಿಂದ ಪಶ್ಚಿಮಕ್ಕೆ ನಾಲ್ಕೆಳೆ ಮುಳ್ಳುತಂತಿ ಎಳೆಸಿದರು. ತಮ್ಮ ಅರ್ಧ ದನವೂ ಬೇಲಿಯ ಉತ್ತರದ ಕಡೆಗೇ ಮೇಯುತ್ತಿದೆ ಎಂಬುದು ಒಬ್ಬನ ತಲೆಗೂ ಹೊಳೆಯಲಿಲ್ಲ.

ಉತ್ತರದಿಂದ ಹಿಮಗಾಳಿ ಎದ್ದರೆ ದನ ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತದೆ. ಎಲ್ಲಾದರೂ ಮರೆ ಸಿಗುವವರೆಗೂ ನಡೆಯುತ್ತಲೇ ಇರುತ್ತದೆ. ನಿಂತರೆ ಸತ್ತಿತು. ಆ ಜನವರಿಯಲ್ಲಿ ಗಾಳಿ ಎದ್ದ ದಿನ ಸಂಜೆಗೇ ದನಗಳು ಬೇಲಿಗೆ ಬಂದು ನಿಂತವು. ಮರುದಿನ ಬೆಳಿಗ್ಗೆ ನೋಡಿದರೆ ಕಣ್ಣು ಹಾಯುವಷ್ಟು ದೂರ ದನವೇ.

"ತಂತಿ ಕತ್ತರ್ಸೋಣ ಕಣೋ," ಎಂದ ಜೊತೆಗಾರ ಕಾಸಿಯಾನೊ. ದಿಬ್ಬ ಕೊರೆದು ಮಾಡಿದ ಗುಡಿಸಲಲ್ಲಿ ಅವರಿಬ್ಬರೇ ಇದ್ದರು. "ಬೇಲಿ ದಾಟಿ ಎರಡು ಮೈಲಿ ಹೋದ್ರೆ ಹೊಳೆ ಕಮರಿ. ಬದುಕ್ಕೊತವೆ."

"ದಣಿ ಹೇಳ್ದೆ ತಂತಿ ಮುಟ್ಟಂಗಿಲ್ಲ. ಮುಟ್ಟಿದ್ರೆ ಕೆಲಸ ಹೋಯ್ತು."

"ದಣಿ ಊರಲ್ಲಿ ಒಲೆ ಮುಂದೆ ಕಾಲು ಚಾಚ್ಕೊಂಡು ಕೂತವ್ನೆ. ಅವ್ನ ಅಪ್ಪಣೆ ಬರೋಷ್ಟ್ರಲ್ಲಿ ನಿನ್ ಗಡ್ಡ ನೆಲ ಗುಡಿಸ್ತದೆ."

"ಉಂಡ ಮನೆಗೆ ಎರಡು ಬಗೆಯೋನಲ್ಲ ನಾನು."

"ಆಹಾ, ದೊಡ್ಡ ಊಟ! ಹುಳ ಬಿದ್ದ ಬೀನ್ಸ್ ಕಾಳು!"

ಏಸಾನಿಗೆ ಐವತ್ತೆರಡು. ಇಲ್ಲಿಂದ ಓಡಿಸಿದರೆ ಇನ್ನೆಲ್ಲೂ ಕೆಲಸ ಸಿಗುವಂತಿರಲಿಲ್ಲ. ದನಗಳ ಕೂಗು ಕೇಳುತ್ತ ಕಾಫಿ ಕುಡಿದ, ಇನ್ನೊಂದು ಲೋಟ ಕುಡಿದ. ಮಧ್ಯಾಹ್ನದ ಹೊತ್ತಿಗೆ ಕೂಗು ಕಡಿಮೆಯಾಯಿತು. ಆಗ ಎದ್ದು ಇಕ್ಕಳ ತೆಗೆದುಕೊಂಡ.

ನಾಲ್ಕೂ ಎಳೆ ಕತ್ತರಿಸಿ, ಹತ್ತು ಕಂಬಗಳಷ್ಟು ಉದ್ದಕ್ಕೆ ತಂತಿ ಎಳೆದುಹಾಕಿದರು. "ಹೋಗ್ರೇ! ಹೋಗ್ರೇ!" ಎಂದು ಏಸಾ ಗಂಟಲು ಹರಿಯುವಂತೆ ಕೂಗಿದ. ಒಂದೂ ಕದಲಲಿಲ್ಲ.

ಯಾಕೆಂದು ಅವನಿಗೆ ಗೊತ್ತಿತ್ತು. ಬೇಲಿ ಹೊಸದಾಗಿದ್ದಾಗ ಇವರಿಬ್ಬರೇ ಕುದುರೆ ಏರಿ ದನಗಳನ್ನು ತಂತಿಯ ಮೇಲೆ ಅಟ್ಟಿದ್ದರು. ಎದೆ, ಮೂತಿ ಹರಿದು ರಕ್ತ ಬಂದರೆ ಬೇಲಿಯ ಭಯ ಕಲಿಯುತ್ತವೆ ಎಂಬುದು ಆ ಕಡೆಯ ಪದ್ಧತಿ. ಕಲಿತಿದ್ದವು. ತಂತಿ ಹೋಗಿದ್ದರೂ ಕಂಬಗಳು ಅಲ್ಲೇ ಇದ್ದವು, ದನಗಳಿಗೆ ಅಷ್ಟೇ ಸಾಕಿತ್ತು. ಕಂಬ ಕೀಳಲು ನೋಡಿದರು. ಹೆಪ್ಪುಗಟ್ಟಿದ ನೆಲ ಬಿಡಲಿಲ್ಲ. ಏಸಾ ಒಂದು ಕೆಂಪು ಹಸುವಿನ ಕೊಂಬು ಹಿಡಿದು ಜಗ್ಗಿದ. ಅದು ನಾಲ್ಕು ಕಾಲೂ ಊರಿ ನಿಂತಿತು. ಕಾಸಿಯಾನೊ ಗುಂಡು ಹಾರಿಸಿದಾಗ ಹಿಂದಿನವು ನುಗ್ಗಿ, ಮೂವತ್ತು ನಲವತ್ತು ಆಚೆ ಹೋದವು. ಹಿಂದಿನ ದಿನವಾಗಿದ್ದರೆ ಎಲ್ಲಕ್ಕೂ ನುಗ್ಗುವ ತ್ರಾಣ ಇರುತ್ತಿತ್ತು. ಕತ್ತಲಾಗುವಷ್ಟರಲ್ಲಿ ಉಳಿದವು ನಿಂತಲ್ಲೇ ಸತ್ತವು.

ಏಸಾನಿಗೆ ಅಳು ಬರಲಿಲ್ಲ. ಬರಬೇಕಿತ್ತು ಎಂದು ಅವನಿಗೇ ಅನ್ನಿಸಿತು. ಒಳಗೆ ಏನೂ ಇರಲಿಲ್ಲ.

ಹತ್ತು ದಿನದ ಮೇಲೆ ದಣಿ ಬ್ರೇನರ್ಡ್ ಬಂದ. ಬೇಲಿಗುಂಟ ಬಹಳ ದೂರ ಹೋಗಿ ಬಂದ. ಸತ್ತ ದನಗಳ ಮೇಲೆ ಕಂಡ ಬರೆಗಳಲ್ಲಿ ಹೆಚ್ಚಿನವು ಅವನದೇ.

"ತಂತಿ ಕತ್ತರಿಸಿದ್ದು ಯಾರು?"

"ನಾನೇ, ದಣಿ."

"ಯಾವಾಗ?"

"ಎರಡನೇ ದಿನ ಮಧ್ಯಾಹ್ನ."

"ಮೊದಲ್ನೇ ದಿನ ಏನ್ಮಾಡ್ತಿದ್ದೆ?"

"ನಿಮ್ಮ ಅಪ್ಪಣೆ ಇರ್ಲಿಲ್ಲ."

ದಣಿ ಬೈಯಲಿಲ್ಲ. ಕುದುರೆಯ ಮೇಲಿಂದ ಅವನನ್ನೇ ನೋಡಿದ. "ಇಪ್ಪತ್ತು ವರ್ಷ ದನ ಕಾದೋನು ನೀನು. ಅದಕ್ಕೂ ನನ್ನ ಅಪ್ಪಣೆ ಬೇಕಿತ್ತೇನೋ?"

ಏಸಾ ಬೇಲಿಯ ಕಡೆ ತಿರುಗಿದ.

"ಇವುಗಳ ಚರ್ಮನಾದ್ರೂ ಸುಲಿದು ಉಳಿಸ್ಕೊಳ್ಳಿ," ಎಂದು ದಣಿ ಕುದುರೆ ತಿರುಗಿಸಿದ.

ಏಸಾನ ಕೆಲಸ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಚಾಕು ಮಸೆದುಕೊಂಡು, ಬೇಲಿಯ ಪೂರ್ವದ ತುದಿಯಿಂದ ಸುಲಿಯಲು ಶುರುಮಾಡಿದ.