ಅಣ್ಣನ ಜೀವಕೋಶಗಳಿಗೆ ಉಪವಾಸ

ಪಾದೊವಾ ಊರಿನ ತರಕಾರಿ ಪೇಟೆಯ ಹಿಂದೆ ಊಟದ ಅಂಗಡಿ ಇಟ್ಟಿರುವ ಎಲ್ದಾ ಯಾರನ್ನೂ ಅರೆಹೊಟ್ಟೆಯಲ್ಲಿ ಕಳಿಸಿದವಳಲ್ಲ. "ಸಾಕು" ಅಂದವರಿಗೆ ಇನ್ನೊಂದು ಸೌಟು ಗ್ಯಾರಂಟಿ. ಅಂಥವಳ ಮಗಳು ನೀವೆಸ್‌ಗೆ ದೇವರು ಕೊಟ್ಟ ಕೆಲಸವಾದರೂ ಎಂಥದ್ದು ನೋಡಿ: ಪ್ರಯೋಗಾಲಯದ ಪುಟ್ಟ ತಟ್ಟೆಗಳಲ್ಲಿ ಸ್ನಾಯುವಿನ ಜೀವಕೋಶಗಳನ್ನು ಬೆಳೆಸುವುದು, ಆಮೇಲೆ ಅವನ್ನು ಉಪವಾಸ ಕೆಡವುವುದು!

ಆ ಕೋಶಗಳ ಸ್ವಭಾವವೇ ಹಾಗೆ. ಹೊಟ್ಟೆ ತುಂಬಾ ಸಿಗುವ ತನಕ ತಮ್ಮ ಪಾಡಿಗೆ ತಾವು ಹೆಚ್ಚುತ್ತಾ ಹೋಗುತ್ತವೆ, ಪಕ್ಕದವರ ಗೊಡವೆಯೇ ಬೇಡ. ಊಟಕ್ಕೆ ಕತ್ತರಿ ಬಿದ್ದಾಗಲೇ ಒಂದಕ್ಕೊಂದು ಬೆಸೆದುಕೊಂಡು ಉದ್ದನೆಯ ಎಳೆಯಾಗುತ್ತವೆ. ಎಳೆಯಾದರೆ ತಾನೇ ಸ್ನಾಯು?

ನಿದ್ದೆಗಣ್ಣಲ್ಲಿ ಕೇಳಿದರೂ ನೀವೆಸ್ ಇದನ್ನು ಹೇಳುತ್ತಾಳೆ. ಆದರೆ ಈ ಸಲದ ಕೋಶಗಳು ಅವಳ ಅಣ್ಣ ಟುಲ್ಲಿಯೋನ ತೊಡೆಯಿಂದ ತೆಗೆದವು. ಸ್ನಾಯುರೋಗ ಅವನನ್ನು ಗಾಲಿಕುರ್ಚಿಗೆ ಕೂರಿಸಿ ಬಹಳ ವರ್ಷವಾಗಿತ್ತು. ಈಗೀಗ ತೋಳೂ ಮೇಲೇಳದು. ಕೋಶಗಳಲ್ಲಿದ್ದ ಜೀನಿನ ತಪ್ಪನ್ನು ಪ್ರಯೋಗಾಲಯದಲ್ಲಿ ತಿದ್ದಿದ್ದರು. ಅದು ಫಲಿಸಿತೋ ಇಲ್ಲವೋ ಎಂದು ಎಳೆಗಳೇ ಹೇಳಬೇಕಿತ್ತು. ನೀವೆಸ್ ಊಟ ನಿಲ್ಲಿಸುವಳು. ಮರುದಿನ ಕೆಲವು ಸತ್ತು ತೇಲಿದ್ದು ಕಂಡರೆ ತಡೆದುಕೊಳ್ಳಲಾರಳು. ಯಾರಿಗೂ ಹೇಳದೆ ಮತ್ತೆ ಬಡಿಸಿಬಿಡುವಳು. ಎಳೆ ಎಲ್ಲಿಂದ ಬರಬೇಕು?

ಕೊನೆಗೆ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಬೊರ್ತೊಲಾನ್ ಕರೆದು ಹೇಳಿದರು: "ಇದೇ ಕೊನೇ ತಟ್ಟೆ ನೀವೆಸ್. ಇದ್ರಲ್ಲೂ ಎಳೆ ಬರ್ಲಿಲ್ಲ ಅಂದ್ರೆ ನಿಮ್ಮಣ್ಣನ ಕೋಶಗಳ ಕೆಲಸ ಇಲ್ಲಿಗೇ ನಿಲ್ಸೋಣ."

ಭಾನುವಾರ ಗಿರಾಕಿಗಳೆಲ್ಲ ಹೋದ ಮೇಲೆ, ಅಣ್ಣನಿಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತುತ್ತಿಡುತ್ತಾ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಟುಲ್ಲಿಯೊ ನಕ್ಕ ನಗೆಗೆ ಕೆಮ್ಮೇ ಬಂತು.

"ಅಮ್ಮನ ಮಗಳು ಅಂದ್ರೆ ನೀನೇ ಕಣೇ! ಕೋಶಕ್ಕೂ ತುತ್ತಿಡೋಕೆ ಹೋಗಿದೀಯಲ್ಲೇ!"

"ನಗಬೇಡ. ಅವು ನಿನ್ನವು. ಎಲ್ಲಾ ಸತ್ತೋದ್ರೆ?"

"ನನ್ನ ಮೈಯೊಳಗೆ ದಿನಾ ಸಾಯ್ತಾನೇ ಇದಾವೆ, ಅವಕ್ಕೆ ಯಾರು ಅತ್ರು? ಉಳಿದವು ಏನ್ಮಾಡ್ತಾವೋ ನೋಡ್ಬೇಕು ಕಣೇ ನಂಗೆ. ಮೊದ್ಲು ತಟ್ಟೆ ಕಸ್ಕೊ."

ಅಡುಗೆಮನೆಯಿಂದ ಎಲ್ದಾ ಗದರಿದಳು: "ಯಾರ ತಟ್ಟೆ ಕಸ್ಕೊಳ್ಳೋದು? ನನ್ನ ಮನೇಲಾ?"

"ನಿನ್ನ ಸುದ್ದಿಗೆ ಬಂದಿಲ್ಲ, ಸುಮ್ನಿರಮ್ಮ!" ಎಂದ ಟುಲ್ಲಿಯೊ.

ಸೋಮವಾರ ನೀವೆಸ್ ಊಟ ನಿಲ್ಲಿಸಿದಳು. ಮರುದಿನ ಎಂದಿನಂತೆ ಕೆಲವು ಸತ್ತು ತೇಲಿದವು, ಎಂದಿನಂತೆ ಅವಳ ಕೈ ಪೋಷಕದ್ರವದ ಬಾಟಲಿಗೆ ಹೋಯಿತು. "ಥೂ, ಹಾಳು ಕೈ!" ಎಂದು ಬೈದುಕೊಂಡು ಬಾಟಲಿಯನ್ನು ಒಯ್ದು ಪ್ರೊಫೆಸರರ ಕೈಗೇ ಕೊಟ್ಟಳು.

"ನಾನು ಕಾಲಿಗೆ ಬಿದ್ದು ಕೇಳಿದ್ರೂ ಕೊಡಬೇಡಿ, ಸಾರ್."

ಬೊರ್ತೊಲಾನ್‌ಗೆ ಆಗ ಎಲ್ಲ ಅರ್ಥವಾಯಿತು. "ಈ ಬುದ್ಧಿ ಇಷ್ಟು ದಿನ ಎಲ್ಲಿಗೆ ಹೋಗಿತ್ತಮ್ಮಾ?" ಎಂದರು, ಆದರೆ ಬೈಯಲಿಲ್ಲ.

ಶನಿವಾರ ಅವಳು ಅಳುಕುತ್ತಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ತಟ್ಟೆಯ ತುಂಬ ಉದ್ದುದ್ದ ಎಳೆಗಳು! ನೋಡುತ್ತಿದ್ದಂತೆ ಒಂದು ಎಳೆ ಚಟ್ಟನೆ ಎಗರಿತು. ಮೇಜು ಅಲುಗಿತೇನೋ ಎಂದು ಕೈ ತೆಗೆದು ಉಸಿರು ಬಿಗಿಹಿಡಿದಳು. ಮತ್ತೆ ಎಗರಿತು. ಪಕ್ಕದ್ದೂ ಎಗರಿತು.

"ಅಯ್ಯೋ ನನ್ನಪ್ಪಾ!" ನೀವೆಸ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಂಗಡಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದಳು.

ಅಲ್ಲಿ ಮಧ್ಯಾಹ್ನದ ಊಟದ ಗದ್ದಲ. ಗಿರಾಕಿಯೊಬ್ಬ ಟುಲ್ಲಿಯೋನ ಮುಖದೆದುರು ಫೋನು ಹಿಡಿದ.

"ಏನೇ ಇದು? ಎರೆಹುಳ ಸಾಕಿದೀಯಾ?"

"ನೀನು ಕಣೋ ಅದು! ನಿನ್ನ ತೊಡೆ!"

ಅವನು ಕುತ್ತಿಗೆ ಚಾಚಿ ಪರದೆಯನ್ನೇ ನೋಡತೊಡಗಿದ. ನೀವೆಸ್‌ಗೆ ಹೆದರಿಕೆಯಾಯಿತು. "ಅಣ್ಣಾ, ಇದು ನಿನ್ನ ಕಾಲಿಗೆ ಬರೋಕೆ ಇನ್ನೂ ಎಷ್ಟು ವರ್ಷವೋ, ಬರುತ್ತೋ ಇಲ್ವೋ. ಸುಮ್ನೆ ಆಸೆ ಹುಟ್ಟಿಸ್ತಿಲ್ಲ ನಾನು..."

"ಬಾಯ್ಮುಚ್ಚೇ, ನೋಡೋಕೆ ಬಿಡು."

ಎಳೆಗಳು ಎಗರುತ್ತಲೇ ಇದ್ದವು. ಆಮೇಲೆ ಟುಲ್ಲಿಯೊ, ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಒಳಗೆ ಕೂಗಿದ:

"ಅಮ್ಮಾ! ಒಲೆ ಬಿಟ್ಟು ಬಾ ಇಲ್ಲಿ, ಬೇಗ! ನಾನು ಕುಣೀತಾ ಇದೀನಿ!"