ಮೂವತ್ತೆಂಟು ಅಂಕದ ದೇಶ

ಭದ್ರತಾ ನೀತಿ ಕಚೇರಿಯಲ್ಲಿ ಪರದೇಶಗಳಿಗೆ ಅಂಕ ಕೊಡುವ ಅಧಿಕಾರಿಯನ್ನು ಎಲ್ಲರೂ ಅಂಕದಕ್ಕ ಎನ್ನುತ್ತಿದ್ದರು. ಕೋರ್ಟು ತೆರೆಯುತ್ತದೆಯೇ, ಪೊಲೀಸರು ಬರುತ್ತಾರೆಯೇ, ಅಂಚೆ ತಲುಪುತ್ತದೆಯೇ ಎಂದು ಇಪ್ಪತ್ತು ಪ್ರಶ್ನೆ. ಒಂದೊಂದಕ್ಕೂ ಐದರವರೆಗೆ ಅಂಕ. ನಲವತ್ತಕ್ಕಿಂತ ಕಡಿಮೆ ಬಂತೋ, ಅದು ‘ಕುಸಿದ ರಾಷ್ಟ್ರ’. ನಕಾಶೆಯಲ್ಲಿ ಕೆಂಪು ಬಣ್ಣ, ಅಲ್ಲಿನವರಿಗೆ ವೀಸಾ ಬಂದ್. ಹನ್ನೊಂದು ವರ್ಷದಿಂದ ಅಂಕದಕ್ಕ ಕೂತಲ್ಲೇ ದೇಶಗಳನ್ನು ಪಾಸು ಫೇಲು ಮಾಡುತ್ತಿದ್ದಳು, ಒಂದಕ್ಕೂ ಕಾಲಿಟ್ಟವಳಲ್ಲ.

ಅಂದು ಚಹಾ ತಂದ ಕ್ಯಾಂಟೀನಿನಾಕೆ ಹೊಸ ನಕಾಶೆ ನೋಡಿ ನಿಂತೇಬಿಟ್ಟಳು.

“ಮೇಡಂ, ನಮ್ಮ ದೇಶ ಯಾಕೆ ಕೆಂಪಗಾಗಿದೆ?”

“ಮೂವತ್ತೆಂಟು ಬಂದಿದೆ. ಅಂಚೆಗೆ ಸೊನ್ನೆ. ಮೂರು ವರ್ಷದಿಂದ ನಮ್ಮ ಪ್ರಶ್ನಾವಳಿಗೆ ಉತ್ತರವೇ ಇಲ್ಲ.”

ಕ್ಯಾಂಟೀನಿನಾಕೆಯ ಮುಖ ಇಳಿದುಹೋಯಿತು. ಮುಂದಿನ ತಿಂಗಳು ಅವಳಮ್ಮ ಮೊಮ್ಮಗಳನ್ನು ಮೊದಲ ಸಲ ನೋಡಲು ಬರುವವಳಿದ್ದಳು. “ಅಂಚೆ ಇಲ್ವಾ? ಹಾಗಾದ್ರೆ ಇದೇನು ಹಾರ್ಕೊಂಡು ಬಂತಾ?” ಎನ್ನುತ್ತಾ ಜೇಬಿನಿಂದ ಅಮ್ಮನ ಕಾಗದ ತೆಗೆದಳು. ಮುದ್ರೆಯ ತಾರೀಖು ನೋಡಿದರೆ ಒಂಬತ್ತೇ ದಿನದಲ್ಲಿ ಬಂದಿತ್ತು.

ಅಂಕದಕ್ಕನಿಗೆ ಎಲ್ಲೋ ಚುರುಕ್ ಎಂದಿತು. ನೆಟ್ಟಗೆ ರವಾನೆ ವಿಭಾಗಕ್ಕೆ ಹೋಗಿ ಬೀರು ತೆಗೆಸಿದಳು. ಮೂರು ವರ್ಷದ ಮೂರೂ ಪ್ರಶ್ನಾವಳಿಗಳು ಅಲ್ಲೇ ಹಾಯಾಗಿ ಮಲಗಿದ್ದವು. ಮೇಲೊಂದು ಚೀಟಿ: ‘ದೊಡ್ಡ ಲಕೋಟೆ ದಾಸ್ತಾನಿಲ್ಲ.’

ಅಮ್ಮನ ಕಾಗದವನ್ನು ಕೇಳಿ ಪಡೆದು, ಪುರಾವೆಯೆಂದು ಕಡತಕ್ಕೆ ಹೊಲಿದು ನಿರ್ದೇಶಕರ ಮುಂದಿಟ್ಟಳು. ಸಾಹೇಬರಿಗೆ ಆ ಭಾಷೆ ಬಾರದು; ಕ್ಯಾಂಟೀನಿನಾಕೆಯನ್ನು ಕರೆಸಿ ಅವಳಿಂದಲೇ ಓದಿಸಿದರು.

‘ಅಂಚೆ ಕಚೇರಿ ಸೂರು ಹಾರಿಹೋಗಿ ವರ್ಷವಾಯ್ತು ಮಗಳೇ. ಅಂಚೆಯಣ್ಣ ಒಂದು ಕೈಲಿ ಕೊಡೆ ಹಿಡ್ಕೊಂಡು ಇನ್ನೊಂದು ಕೈಲಿ ಮುದ್ರೆ ಒತ್ತುತ್ತಾನೆ. ಪಾಪುಗೊಂದು ಮುತ್ತು.’

“ನೋಡಿ, ಸೂರೇ ಇಲ್ಲ!” ಎಂದರು ಸಾಹೇಬರು. “ಕುಸಿಯೋದು ಅಂದ್ರೆ ಇನ್ನೇನು?”

“ನಮ್ಮ ಪ್ರಶ್ನೆ ಸೂರಿನದಲ್ಲ ಸಾರ್, ಕಾಗದ ತಲುಪುತ್ತಾ ಅನ್ನೋದು,” ಎಂದಳು ಅಂಕದಕ್ಕ. “ಸೂರು ನಮ್ಮ ರವಾನೆ ವಿಭಾಗಕ್ಕಿದೆ. ಗಟ್ಟಿಯಾಗೇ ಇದೆ.”

ಬೀರುವಿನ ಕಥೆ ಕೇಳಿದ ಸಾಹೇಬರು ಐದು ಅಂಕಕ್ಕೆ ಸಹಿ ಹಾಕಿದರು. ನಲವತ್ಮೂರು. ಕೆಂಪು ಹೋಯಿತು.

ಹೊರಗೆ ಬಂದದ್ದೇ ಕ್ಯಾಂಟೀನಿನಾಕೆ ಕೈಚಾಚಿದಳು. “ಅಮ್ಮನ ಕಾಗದ?”

ಅಂಕದಕ್ಕ ಪೆಚ್ಚಾದಳು. “ಅದೀಗ ಸರ್ಕಾರಿ ದಾಖಲೆ ಕಣಮ್ಮ. ಹತ್ತು ವರ್ಷ ವಾಪಸ್ ಕೊಡೋ ಹಾಗಿಲ್ಲ. ಮೊದಲೇ ಹೇಳ್ಬೇಕಿತ್ತು, ತಪ್ಪಾಯ್ತು.”

“ಇಟ್ಕೊಳ್ಳಿ ಬಿಡಿ ಮೇಡಂ,” ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕಳು. “ಬರೆದವಳೇ ಬರ್ತಾಳಲ್ಲ.”