ಘಾಟಿಯ ನಡುವೆ ಗೇರ್ ಬದಲಿಸಿದ್ದು

ಈ ಕತೆ ಹೇಳುವುದಕ್ಕೆ ನಾನು ತಕ್ಕವನಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಇವತ್ತಿಗೂ ಕಾರು ಓಡಿಸಲು ಬರುವುದಿಲ್ಲ. ಓಡಿಸಿದವರು ಕೆರಿಯಪ್ಪನವರು, ಅವರು ಈಗ ಇಲ್ಲ. ಇದ್ದಿದ್ದರೆ ಎರಡು ಮಾತಿನಲ್ಲಿ ಹೇಳಿ ಮುಗಿಸಿ ಎಲೆಯಡಿಕೆಯ ಕವಳ ಹಾಕಿಕೊಳ್ಳುತ್ತಿದ್ದರು. ನನಗೆ ಅಷ್ಟು ಚಿಕ್ಕದಾಗಿ ಹೇಳಲು ಬಾರದು.

ಅದು ೧೯೬೫. ನಾನು ಸಾಗರದಲ್ಲಿ ಹೇರಂಬ ಭಟ್ಟರ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ, ಊರವರ ಬಾಯಲ್ಲಿ ‘ರೈಟ್ರು’. ಶಾಲೆ ಅರ್ಧಕ್ಕೆ ಬಿಟ್ಟವನು, ಸಂಜೆಯ ಕ್ಲಾಸಿನಲ್ಲಿ ಇಂಗ್ಲಿಷು ಮತ್ತು ಟೈಪಿಂಗ್ ಕಲಿತಿದ್ದೆ. ಭಟ್ಟರು ಆ ವರ್ಷ ಮುಂಬಯಿಯ ಹರಾಜಿನಲ್ಲಿ ಒಂದು ಅಮೆರಿಕದ ಕಾರು ಕೊಂಡು ತಂದರು. ದೋಣಿಯಷ್ಟು ಉದ್ದ, ತಿಳಿ ಹಸಿರು ಬಣ್ಣ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಸ್ಟೇರಿಂಗಿನ ಕೆಳಗೆ ಒಂದು ಸಣ್ಣ ಹಿಡಿ, ಅದರ ಮೇಲೆ ಪಿ, ಆರ್, ಎನ್, ಡಿ, ಎಲ್ ಎಂದು ಐದು ಅಕ್ಷರ. ಡಿಗೆ ಹಾಕಿದರೆ ಗೇರು ತನ್ನಷ್ಟಕ್ಕೆ ಬದಲಾಗುತ್ತದೆ. ಎಲ್‌ಗೆ ಹಾಕಿದರೆ ಸಣ್ಣ ಗೇರಿನಲ್ಲೇ ನಿಂತು ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ.

ಕಾರು ನೋಡಲು ಬಂದವರಲ್ಲಿ ಕೆರಿಯಪ್ಪನವರೂ ಇದ್ದರು. ಹನ್ನೊಂದು ವರ್ಷ ಮರ ಸಾಗಿಸುವ ನಾಟಾ ಲಾರಿ ಓಡಿಸಿದವರು. ಹಿಂದಿನ ವರ್ಷ ಮರದ ದಿಮ್ಮಿ ಉರುಳಿ ಎಡ ಮಂಡಿ ಜಜ್ಜಿಹೋಗಿತ್ತು. ಕ್ಲಚ್ ತುಳಿಯಲಾರದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಆರು ತಿಂಗಳಿಂದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದರು.

"ಎಡಗಾಲಿಗೆ ಕೆಲ್ಸಾನೇ ಇಲ್ವಾ ಇದ್ರಲ್ಲಿ?" ಎಂದು ನನ್ನನ್ನು ಕೇಳಿದರು.

"ಇಲ್ಲ."

"ಹಂಗಾದ್ರೆ ರೈಟ್ರೇ, ಇದನ್ನ ನಂಗೋಸ್ಕರಾನೇ ಮಾಡಿರೋದು."

ಅವರನ್ನು ಕೆಲಸಕ್ಕಿಟ್ಟುಕೊಳ್ಳಲು ಭಟ್ಟರು ಒಂದೇ ಷರತ್ತು ಹಾಕಿದರು. ಹೊಸನಗರ, ತೀರ್ಥಹಳ್ಳಿಯ ಮೇಲೆ ಹೋಗಿ, ಆಗುಂಬೆ ಘಾಟಿ ಇಳಿಸಿ ಹತ್ತಿಸಿ ತೋರಿಸಬೇಕು. ಆಗದಿದ್ದರೆ ಮಂಗಳೂರಿನಿಂದ ಬೇರೆ ಡ್ರೈವರ್ ಬರುತ್ತಾನೆ.

ಕಾರಿನ ಜೊತೆ ಬಂದ ಪುಸ್ತಕವನ್ನು ಓದಿ ಹೇಳುವುದು ನನ್ನ ಕೆಲಸವಾಯಿತು. ನಾನು ಡಿಕ್ಷನರಿ ಇಟ್ಟುಕೊಂಡು ಒಂದೊಂದು ಸಾಲನ್ನೂ ಮೂರು ಸಲ ಓದಿದೆ. ಕೆರಿಯಪ್ಪನವರು ಗಿರಣಿಯ ಅಂಗಳದಲ್ಲಿ ಸುತ್ತು ಹೊಡೆಯುತ್ತ ಕಲಿತರು. ಮೊದಲ ದಿನ ಹಳೆಯ ಚಾಳಿಯಿಂದ ಎಡಗಾಲು ತಾನೇ ಮುಂದೆ ಹೋಗಿ ಬ್ರೇಕನ್ನೇ ಕ್ಲಚ್ಚೆಂದು ಒತ್ತಿತು. ಹಿಂದೆ ಕೂತ ಭಟ್ಟರ ಬಾಯಿಯ ಕವಳ ಮುಂದಿನ ಸೀಟಿನ ಮೇಲೆ ಬಿತ್ತು.

"ಮಾರಾಯಾ, ಕಾರು ಕಲಿಯದಾ, ಇಲ್ಲಾ ನನ್ನ ಕೊಲ್ಲದಾ?"

"ಮಂಡಿ ಮುರ್ದ್ರೂ ಕಾಲಿಗೆ ಬುದ್ಧಿ ಬಂದಿಲ್ಲ ಭಟ್ರೇ," ಎಂದರು ಕೆರಿಯಪ್ಪನವರು. ಮರುದಿನದಿಂದ ಎಡಗಾಲನ್ನು ಮಡಚಿ ಸೀಟಿನ ಕೆಳಗೆ ಸಿಕ್ಕಿಸಿಕೊಂಡೇ ಕೂತರು.

ಪುಸ್ತಕದಲ್ಲಿ ಒಂದು ಸಾಲಿತ್ತು. ಕಾರು ಓಡುತ್ತಿರುವಾಗಲೂ, ವೇಗ ಮಿತಿಯಲ್ಲಿದ್ದರೆ, ಡಿಯಿಂದ ಎಲ್‌ಗೆ ಬದಲಿಸಬಹುದು. ಅದನ್ನು ನಾನು ಅವರಿಗೆ ಓದಿ ಹೇಳಲಿಲ್ಲ.

ಅರ್ಥವಾಗದೆ ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಒಂದೇ ಶಾಸ್ತ್ರ: ಘಾಟಿಯ ತಲೆಯಲ್ಲೇ ಸಣ್ಣ ಗೇರು ಹಾಕು, ಬುಡ ಮುಟ್ಟುವವರೆಗೆ ಅದನ್ನು ಮುಟ್ಟಬೇಡ. ನಡುವೆ ಎಳೆದ ಗೇರು ಕಚ್ಚಲಿಲ್ಲವೆಂದರೆ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ. ಆ ಪುಸ್ತಕ ಬರೆದವರು ಆಗುಂಬೆ ನೋಡಿದ್ದರೇ? ನನ್ನ ಮಾತು ಕೇಳಿ ಏನಾದರೂ ಆದರೆ? ಹಾಗಾಗಿ, "ಘಾಟಿಯ ತಲೆಯಲ್ಲಿ ನಿಲ್ಲಿಸಿ ಎಲ್‌ಗೆ ಹಾಕಿ" ಎಂದಷ್ಟೇ ಹೇಳಿದೆ.

"ಅದು ಗೊತ್ತಿರೋದೇ," ಎಂದರು.

ಮಾಘದ ಒಂದು ಬೆಳಿಗ್ಗೆ ಹೊರಟೆವು. ಭಟ್ಟರು ಹಿಂದೆ, ನಾನು ಪುಸ್ತಕ ಹಿಡಿದು ಮುಂದೆ. ಹೊಸನಗರದಲ್ಲಿ ಇಡ್ಲಿ ತಿಂದೆವು. ತೀರ್ಥಹಳ್ಳಿಯ ಸೇತುವೆಯ ಮೇಲೆ ಕಾರು ಸದ್ದೇ ಇಲ್ಲದೆ ತೇಲಿದಂತೆ ಹೋಯಿತು. ಕೆರಿಯಪ್ಪನವರು ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದರು. ಅಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ಆಮೇಲೆ ಕಂಡದ್ದು ಕಡಿಮೆ.

ಆಗುಂಬೆಯಲ್ಲಿ ಚಹಾ ಕುಡಿದು ಹೊರಟಾಗ ಜನರನ್ನು ಘಾಟಿ ಇಳಿಸಿ ಹತ್ತಿಸುವ ವ್ಯಾನೊಂದು ಹಿಂದೆ ಬಂದು ಹಾರನ್ ಒತ್ತತೊಡಗಿತು. "ಹೋಗು, ಹೋಗು, ದಾರಿಗೆ ಅಡ್ಡ ನಿಲ್ಲಡ," ಎಂದರು ಭಟ್ಟರು. ಆ ಗಡಿಬಿಡಿಯಲ್ಲಿ ಘಾಟಿಯ ತಲೆ ದಾಟಿಹೋಯಿತು. ಹಿಡಿ ಡಿಯಲ್ಲೇ ಉಳಿಯಿತು.

ನಾನು ನೋಡಿದ್ದು ಮೂರನೆಯ ತಿರುವಿನಲ್ಲಿ. ಅವರೂ ಆಗಲೇ ನೋಡಿದರು. ಬ್ರೇಕಿನ ಮೇಲೆ ಬಲಗಾಲು ಒತ್ತಿ ಒತ್ತಿ ಇಳಿಸಿದರು. ಭಾರದ ಕಾರು, ಇನ್ನೆರಡು ತಿರುವಿನಲ್ಲಿ ಸುಟ್ಟ ವಾಸನೆ ಬಂತು.

"ಎಂತ ವಾಸನೆ ಅದು?" ಎಂದರು ಭಟ್ಟರು.

"ಬ್ರೇಕು ಕಾದಿದೆ," ಎಂದರು ಕೆರಿಯಪ್ಪನವರು.

ನಿಲ್ಲಿಸಲು ನೋಡಿದರು. ಪೆಡಲು ಮೆತ್ತಗೆ ಕೆಳಗಿಳಿಯಿತು, ಕಾರು ನಿಲ್ಲಲಿಲ್ಲ. ಕೈಬ್ರೇಕ್ ಎಳೆದರು, ವೇಗ ಸ್ವಲ್ಪ ತಗ್ಗಿತು, ಅಷ್ಟೇ. ಮುಂದೆ ಇನ್ನೊಂದು ಹಿಮ್ಮುರಿ ತಿರುವು, ಅದರಾಚೆ ಬರೀ ಆಕಾಶ. ಅವರ ಎಡಗೈ ಹಿಡಿಯ ಹತ್ತಿರ ಹೋಯಿತು, ಹಿಂದೆ ಬಂತು. ಹನ್ನೊಂದು ವರ್ಷದ ಶಾಸ್ತ್ರ ಆ ಕೈಯನ್ನು ತಡೆಯುತ್ತಿತ್ತು. ಅದನ್ನು ಬಿಡಿಸಬಲ್ಲ ಸಾಲು ನನ್ನ ತೊಡೆಯ ಮೇಲಿನ ಪುಸ್ತಕದಲ್ಲಿತ್ತು.

"ಎಳೀರಿ ಕೆರಿಯಪ್ಪನವರೇ, ಓಡುವಾಗಲೂ ಎಳೀಬಹುದು, ಪುಸ್ತಕದಲ್ಲಿದೆ," ಎಂದೆ.

ಅವರು ಎಳೆದರು. ಎಂಜಿನ್ನು ಒಮ್ಮೆ ಗುಟುರು ಹಾಕಿತು. ಯಾರೋ ಹಿಂದಿನಿಂದ ಹಗ್ಗ ಜಗ್ಗಿದಂತೆ ಕಾರು ತಡೆದು ನಿಧಾನವಾಯಿತು. ತಿರುವು ಕಳೆಯಿತು. ಆಮೇಲೆ ಘಾಟಿಯ ಬುಡದ ಸೋಮೇಶ್ವರದವರೆಗೆ ಹಿಡಿ ಎಲ್‌ನಲ್ಲೇ ಇತ್ತು.

ಕೆಳಗೆ ಸಮತಟ್ಟಿನಲ್ಲಿ ಕೈಬ್ರೇಕ್ ಎಳೆದು ಕಾರು ನಿಲ್ಲಿಸಿ ಕೆರಿಯಪ್ಪನವರು ಕುಂಟುತ್ತ ಹಿಂದಿನ ಬಾಗಿಲಿಗೆ ಬಂದರು.

"ಭಟ್ರೇ, ಘಾಟಿ ತಲೇಲಿ ಎಲ್ ಹಾಕೋದು ಮರ್ತೆ. ತಪ್ಪು ನಂದೇ. ಮಂಗ್ಳೂರಿನವ್ನನ್ನ ಕರ್ಸ್ಕಳಿ."

ನಾನು ಪಕ್ಕದಲ್ಲೇ ನಿಂತಿದ್ದೆ. ನಾನು ಬಿಟ್ಟ ಸಾಲಿನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ.

ಭಟ್ಟರು ಬಗ್ಗಿ ಚಕ್ರದಿಂದ ಏಳುತ್ತಿದ್ದ ಹೊಗೆಯನ್ನು ನೋಡಿದರು. "ಮಂಗಳೂರಿನವನು ಮರೆತರೆ ಮರೆತೆ ಅಂತ ಹೇಳ್ತಾನೆ ಅಂತ ಯಾವ ಗ್ಯಾರಂಟಿ? ತಣಿಲಿ ಅದು. ಆಮೇಲೆ ಹತ್ತಿಸು," ಎಂದರು.

ಕೆರಿಯಪ್ಪನವರು ಆ ಕಾರನ್ನು ಆರು ವರ್ಷ ಓಡಿಸಿದರು. ಹೊಳೆಬಾಗಿಲಿಗೆ, ನಿಟ್ಟೂರಿಗೆ, ಎಷ್ಟೋ ಮದುವೆಗಳಿಗೆ. ಅವರ ಹೆಂಡತಿ ಶೇಷಮ್ಮನವರನ್ನು ಒಮ್ಮೆ ಮುಂದೆ ಕೂರಿಸಿಕೊಂಡು ಪೇಟೆ ಸುತ್ತಿಸಿದ್ದೂ ಉಂಟು. ಆಕೆ ನಾಚಿಕೆಯಿಂದ ಸೆರಗು ತಲೆಗೆಳೆದುಕೊಂಡು ಕೂತಿದ್ದರು. ಗಿರಣಿಯ ಬಾಗಿಲಿಗೆ ಆ ಕಾರು ಬಂದು ನಿಲ್ಲುವ ಸದ್ದಿಲ್ಲದ ಸದ್ದು ಈಗಲೂ ಕೆಲವು ಸಂಜೆ ಕೇಳಿದಂತಾಗುತ್ತದೆ.

ನನ್ನ ತಪ್ಪನ್ನು ಅವರಿಗೆ ಎಷ್ಟೋ ವರ್ಷಗಳ ಮೇಲೆ ಹೇಳಿದೆ. ಹೇಗೂ ಕೊನೆಗೆ ಕೂಗಿ ಹೇಳಿದೆನಲ್ಲ ಎಂದೂ ಸೇರಿಸಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಬಿಡಿ ರೈಟ್ರೇ, ಬಂದ್ವಲ್ಲ," ಎಂದರು. ಭಟ್ಟರನ್ನು ಕೇಳಿದರೆ, ತನಗೆ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿದ ನೆನಪಿಲ್ಲ ಎಂದರು.

ಆ ಮಾತು ನನ್ನ ಬಾಯಿಂದ ಹೊರಗೆ ಬಂದಿತ್ತೋ, ಗಂಟಲಲ್ಲೇ ಉಳಿದು ಕೆರಿಯಪ್ಪನವರು ತಾವಾಗಿಯೇ ಗೇರ್ ಬದಲಿಸಿದರೋ, ನನಗೆ ಗೊತ್ತಿಲ್ಲ.